ಜಯನಗರದ ಕೈರೋಪ್ರಾಕ್ಟಿಕ್ ಚಿಕಿತ್ಸಾಲಯಕ್ಕೆ ಆರು ಭೇಟಿಗಳು

ಜಯನಗರ ನಾಲ್ಕನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದಿಂದ ಐದಾರು ನಿಮಿಷ ನಡೆದರೆ ಸಿಗುವ ಒಂದು ಅಡ್ಡರಸ್ತೆಯಲ್ಲಿ, ಹಳೆಯ ಮನೆಯೊಂದರ ನೆಲಮಹಡಿಯನ್ನು ಬದಲಾಯಿಸಿ ಮಾಡಿರುವ ಚಿಕ್ಕ ಕೈರೋಪ್ರಾಕ್ಟಿಕ್ ಚಿಕಿತ್ಸಾಲಯವಿದೆ, ಅಂದರೆ ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ ಸಡಿಲಿಸುವ ಜಾಗ. ಏಳು ವಾರಗಳಲ್ಲಿ ಆರು ಬಾರಿ ನಾನು ಅಲ್ಲಿಗೆ ಹೋಗಿ ಬಂದೆ. ಮೊದಲ ಭೇಟಿಗೆ 1,500 ರೂಪಾಯಿ, ಮುಂದಿನ ಐದಕ್ಕೆ ತಲಾ 1,200 ರೂಪಾಯಿ, ಒಟ್ಟು 7,500 ರೂಪಾಯಿ ಖರ್ಚಾಯಿತು. ಆ ಹಣಕ್ಕೆ ನನಗೆ ದೊರೆತದ್ದೇನು, ದೊರೆಯದೆ ಹೋದದ್ದೇನು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಿಕಿತ್ಸಾಲಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನಗೆ ಒಳ್ಳೆಯದಾಯಿತೆಂಬ ಒಂದೇ ಕಾರಣಕ್ಕೆ ಬೇರೆಯವರ ಬೆನ್ನಿಗೂ ಅದೇ ವಿಳಾಸವನ್ನು ಬರೆದುಕೊಡುವ ಧೈರ್ಯ ನನಗಿಲ್ಲ. ಆದರೆ ಇಂತಹ ಯಾವ ಜಾಗಕ್ಕೆ ಹೋದರೂ ಏನನ್ನು ಗಮನಿಸಬೇಕೆಂಬುದು ಈ ಭೇಟಿಗಳಿಂದ ನನಗೆ ತಿಳಿದಿದೆ.

ನನ್ನ ಕೆಲಸ ಕರಡು ತಿದ್ದುವುದು. ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ 22 ವರ್ಷಗಳಿಂದ, ಮೇಜಿನ ಮೇಲೆ ಹಾಳೆ ಹರಡಿಕೊಂಡು, ಒತ್ತಕ್ಷರ ಮತ್ತು ಅನುಸ್ವಾರಗಳ ಮೇಲೆ ಕಣ್ಣಿಟ್ಟು ದಿನಕ್ಕೆ ಏಳೆಂಟು ಗಂಟೆ ಕತ್ತು ಬಗ್ಗಿಸಿ ಕೂರುತ್ತಿದ್ದೇನೆ. ಮನೆ ಉತ್ತರಹಳ್ಳಿಯ ಕಡೆ ಇರುವುದರಿಂದ ಬೆಳಿಗ್ಗೆ, ಸಂಜೆ ಸ್ಕೂಟರ್ ಸವಾರಿ. ದಾರಿಯ ಗುಂಡಿಗಳಲ್ಲಿ ಒಂದೊಂದೂ ಸೊಂಟಕ್ಕೆ ತಲುಪುತ್ತದೆ. ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ, 20 ಲೀಟರಿನ ಕುಡಿಯುವ ನೀರಿನ ಕ್ಯಾನನ್ನು ಸ್ಟ್ಯಾಂಡಿಗೆ ಎತ್ತಿಡಲು ಬಾಗಿದವಳು ಮತ್ತೆ ನೆಟ್ಟಗಾಗಲಾರದೆ ಅಡುಗೆಮನೆಯ ನೆಲದಲ್ಲಿಯೇ ಕುಳಿತುಬಿಟ್ಟೆ. ಸೊಂಟ ಹಿಡಿದುಕೊಂಡಿತು ಎನ್ನುತ್ತೇವಲ್ಲ, ಅದೇ. ನೋವು ಬಲ ಪೃಷ್ಠದಿಂದ ತೊಡೆಯ ಹಿಂಭಾಗಕ್ಕೆ ಇಳಿಯುತ್ತಿತ್ತು. ಅದರ ಜೊತೆಗೆ, ಮೊದಲಿನಿಂದಲೂ ಇದ್ದ ಕುತ್ತಿಗೆಯ ಬಿಗಿತ ಮತ್ತು ಬಲಗೈ ಹೆಬ್ಬೆರಳು, ತೋರುಬೆರಳುಗಳಲ್ಲಿ ಆಗಾಗ ಕಾಣಿಸುವ ಜೋಮು.

ನಮ್ಮ ಊರಿನಲ್ಲಿ ಬೆನ್ನು ಉಳುಕಿದರೆ, ಹುಟ್ಟುವಾಗ ಕಾಲು ಮುಂದಾಗಿ ಬಂದವರನ್ನು ಹುಡುಕಿ ಅವರ ಕಾಲಿನಿಂದ ಬೆನ್ನನ್ನು ಮೆಲ್ಲಗೆ ತುಳಿಸುವ ರೂಢಿಯಿತ್ತು. ಬೆಂಗಳೂರಿನಲ್ಲಿ ಪುತ್ತೂರು ಕಟ್ಟಿನ ಫಲಕಗಳು ಇವತ್ತಿಗೂ ಬಡಾವಣೆಗೊಂದರಂತೆ ಕಾಣಸಿಗುತ್ತವೆ. ಇವುಗಳಲ್ಲಿ ಯಾವುದಕ್ಕೂ ಹೋಗದೆ ನಾನು ಮೊದಲು ಹೋದದ್ದು ಹವಾನಿಯಂತ್ರಿತ, ಥಳಥಳಿಸುವ ಬೇರೊಂದು ಕೇಂದ್ರಕ್ಕೆ. ಅಲ್ಲಿ ನನ್ನನ್ನು ಪರೀಕ್ಷಿಸುವ ಮೊದಲೇ 24 ಭೇಟಿಗಳ ಪ್ಯಾಕೇಜಿನ ದರಪಟ್ಟಿಯನ್ನು ಕೈಗಿತ್ತರು, ಅಂದೇ ಪೂರ್ತಿ ಕಟ್ಟಿದರೆ ರಿಯಾಯಿತಿಯೆಂದರು. ನೋವಿರುವವರ ಅವಸರವನ್ನು ಹಾಗೆ ಬಳಸಿಕೊಳ್ಳುವುದು ನನಗೆ ಸರಿಕಾಣಲಿಲ್ಲ. ಎದ್ದು ಬಂದೆ. ಜಯನಗರದ ಜಾಗವನ್ನು ಹೇಳಿದವರು ನಮ್ಮ ಮುದ್ರಣಾಲಯದ ಬೈಂಡಿಂಗ್ ವಿಭಾಗದ ಹಿರಿಯರು.

ಅಲ್ಲಿ ಮೊದಲ ಭೇಟಿಗೆ 50 ನಿಮಿಷ ಹಿಡಿಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಅಲ್ಲಿನ ಕೈರೋಪ್ರಾಕ್ಟರ್ ನನ್ನನ್ನು ಮುಟ್ಟಲೇ ಇಲ್ಲ, ಪ್ರಶ್ನೆ ಕೇಳುತ್ತಾ ಕುಳಿತರು. ಮೂತ್ರ ಅಥವಾ ಮಲ ತಡೆದುಕೊಳ್ಳುವುದು ಕಷ್ಟವಾಗಿದೆಯೇ? ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾಗಿದೆಯೇ? ಕಾಲು ಸೋಲುತ್ತದೆಯೇ? ಮಲಗಿದರೂ ಕಡಿಮೆಯಾಗದ ರಾತ್ರಿನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಇತ್ತೀಚೆಗೆ ಬಿದ್ದದ್ದು, ಬಹುಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡದ್ದು, ಇವೆಲ್ಲವನ್ನೂ ಒಂದೊಂದಾಗಿ ಕೇಳಿ ಬರೆದುಕೊಂಡರು. ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂಬ ಉತ್ತರ ಬಂದಿದ್ದರೆ ಅವರು ನನ್ನನ್ನು ಆಸ್ಪತ್ರೆಗೆ ಕಳುಹಿಸುತ್ತಿದ್ದರಂತೆ. ಮೊದಲ ಮೂರು ಪ್ರಶ್ನೆಗಳು ಬೆನ್ನುಹುರಿಯ ಕೆಳತುದಿಯಲ್ಲಿ ಕುದುರೆಯ ಬಾಲದಂತೆ ಹರಡಿಕೊಂಡಿರುವ ನರಗಳ ಗೊಂಚಲು ಅದುಮಿಹೋಗಿದೆಯೇ ಎಂದು ತಿಳಿಯುವುದಕ್ಕಾಗಿ. ಅದು ಒಂದು ದಿನವೂ ಕಾಯಬಾರದ ತುರ್ತು ಸ್ಥಿತಿ. ಇಷ್ಟನ್ನು ಕೇಳದೆ ಬೆನ್ನಿನ ಮೇಲೆ ಕೈಯಿಡುವವರಿಂದ, ಅವರು ಎಷ್ಟೇ ಹೆಸರುವಾಸಿಯಾಗಿದ್ದರೂ, ದೂರವಿರಬೇಕೆಂದು ನಾನು ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಆಮೇಲೆ ಪರೀಕ್ಷೆ. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಿನಲ್ಲಿ ನಿಲ್ಲಿಸಿದರು, ಮಂಡಿಗೂ ಹಿಮ್ಮಡಿಗೂ ಪುಟ್ಟ ಸುತ್ತಿಗೆಯಿಂದ ತಟ್ಟಿ ನೋಡಿದರು, ಅಂಗಾತ ಮಲಗಿಸಿ ಒಂದೊಂದೇ ಕಾಲನ್ನು ಮಡಿಸದೆ ಮೇಲೆತ್ತಿದರು, ಹತ್ತಿಯಿಂದ ಬೆರಳುಗಳನ್ನು ಸವರಿ ಎರಡೂ ಕೈಗಳಲ್ಲಿ ಒಂದೇ ರೀತಿ ತಿಳಿಯುತ್ತದೆಯೇ ಎಂದು ಕೇಳಿದರು. ಎಕ್ಸ್‌ರೇ, ಎಂಆರ್‌ಐ ಬೇಡವೇ ಎಂದು ನಾನೇ ಕೇಳಿದೆ. ಈಗ ಬೇಡವೆಂದರು. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, 20ರ ವಯಸ್ಸಿನವರಲ್ಲಿ ಶೇ 37 ಮಂದಿಗೆ, 80ರ ವಯಸ್ಸಿನವರಲ್ಲಿ ಶೇ 96 ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ, ಸವೆದಿರುವುದು ಕಂಡುಬಂದಿತ್ತು. ಅಂದರೆ ಸವೆತವು ಬಹುಮಟ್ಟಿಗೆ ತಲೆಕೂದಲು ನರೆಯುವಂತಹ ಸಂಗತಿ. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಾಗಿರಬೇಕಾಗಿಲ್ಲ. ವರದಿಯಲ್ಲಿ ‘ಡಿಸ್ಕ್ ಬಲ್ಜ್’ (ಡಿಸ್ಕ್ ಉಬ್ಬಿದೆ) ಎಂಬ ಎರಡು ಪದ ಓದಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದ ನೆಂಟರೊಬ್ಬರನ್ನು ಕಂಡಿರುವ ನನಗೆ ಈ ಮಾತು ಬಹಳ ದೊಡ್ಡದಾಗಿ ಕಂಡಿತು.

ಕೈರೋಪ್ರಾಕ್ಟಿಕ್ ಎಂಬುದು ಕೈ ಮತ್ತು ಕ್ರಿಯೆ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಆದ ಹೆಸರು. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟಿನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ, ಕಿವಿ ಮಂದವಾಗಿದ್ದ ಹಾರ್ವಿ ಲಿಲ್ಲಾರ್ಡ್ ಎಂಬ ಕೆಲಸಗಾರನ ಬೆನ್ನುಮೂಳೆಯನ್ನು ಒತ್ತಿ ಕಿವಿ ಕೇಳಿಸುವಂತೆ ಮಾಡಿದೆನೆಂದು ಹೇಳಿಕೊಂಡಲ್ಲಿಂದ ಇದರ ಕಥೆ ಆರಂಭವಾಗುತ್ತದೆ. ಬೆನ್ನುಮೂಳೆಯ ಮಣಿಗಳು ಜಾಗ ತಪ್ಪಿ ನರಗಳನ್ನು ತಡೆಯುವುದೇ ಬಹುತೇಕ ರೋಗಗಳ ಮೂಲವೆಂಬುದು ಪಾಮರನ ವಾದವಾಗಿತ್ತು. ಆ ವಾದಕ್ಕೆ ವಿಜ್ಞಾನದ ಆಧಾರ ದೊರೆತಿಲ್ಲ. ಆದರೆ ಕೈಯಿಂದ ಕೀಲುಗಳನ್ನು ಸಡಿಲಿಸುವ ಕ್ರಮ ಸೊಂಟನೋವಿಗೆ ಒಂದಿಷ್ಟು ಉಪಯೋಗವೆಂಬುದು ಬೇರೆ ಮಾತು, ಅದಕ್ಕೆ ಆಧಾರವಿದೆ. ಈ ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ ಒಂದೋ ಅತಿಯಾಗಿ ನಂಬುತ್ತೇವೆ, ಇಲ್ಲವೇ ಪೂರ್ತಿಯಾಗಿ ತಳ್ಳಿಹಾಕುತ್ತೇವೆ.

ನನ್ನ ಸೊಂಟಕ್ಕೆ ಅವರು ಮಾಡಿದ್ದು ಇಷ್ಟು: ಎಡ ಮಗ್ಗುಲಿಗೆ ಮಲಗಿಸಿ, ಮೇಲಿನ ಮಂಡಿಯನ್ನು ಮಡಿಸಿ, ಭುಜವನ್ನು ಹಿಂದಕ್ಕೂ ಸೊಂಟವನ್ನು ಮುಂದಕ್ಕೂ ನಿಧಾನವಾಗಿ ತಿರುಗಿಸಿ, ಉಸಿರು ಬಿಡುವಾಗ ಚಿಕ್ಕದೊಂದು ಚುರುಕಾದ ಒತ್ತು ಕೊಟ್ಟರು. ಬೆರಳಿನ ನೆಟಿಕೆ ತೆಗೆದಂತಹ ಸದ್ದು ಬಂತು. ಮೂಳೆ ಜಾಗಕ್ಕೆ ಕೂತದ್ದರ ಸದ್ದು ಅದಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಥಟ್ಟನೆ ಇಳಿದಾಗ ಉಂಟಾಗುವ ಅನಿಲದ ಗುಳ್ಳೆಗೆ ಸಂಬಂಧಿಸಿದ್ದು. ಬೆರಳಿನ ನೆಟಿಕೆ ತೆಗೆಯುವಾಗಲೇ ಎಂಆರ್‌ಐ ಚಿತ್ರ ಹಿಡಿದು ಕೆನಡಾದ ಸಂಶೋಧಕರು 2015ರಲ್ಲಿ ಅದನ್ನು ತೋರಿಸಿದ್ದಾರೆ. ಸದ್ದು ಬಂದರೆ ಮಾತ್ರ ಚಿಕಿತ್ಸೆಯಾಯಿತೆಂದುಕೊಳ್ಳಬಾರದೆಂದು ಕೈರೋಪ್ರಾಕ್ಟರೇ ಹೇಳಿದರು. ಮೇಜಿನಿಂದ ಎದ್ದಾಗ ಬೆನ್ನು ಹಗುರವಾಗಿತ್ತು, ಅದು ನಿಜ. ಎರಡು ದಿನ ಸುಖವಾಗಿ ನಿದ್ರಿಸಿದೆ. ಮೂರನೆಯ ದಿನ, ಒಂದು ಪಠ್ಯಪುಸ್ತಕದ ಕೊನೆಯ ಕರಡಿನ ಮುಂದೆ ಐದು ಗಂಟೆ ಏಳದೆ ಕೂತ ಮೇಲೆ, ನೋವು ಹಳೆಯ ಜಾಗಕ್ಕೇ ಬಂದು ಕೂತಿತು.

ಈ ಅನುಭವಕ್ಕೂ ಅಧ್ಯಯನಗಳು ಹೇಳುವುದಕ್ಕೂ ಹೆಚ್ಚು ಅಂತರವಿಲ್ಲ. 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಬಂದ ವಿಮರ್ಶೆಯಲ್ಲಿ, ಹೊಸದಾಗಿ ಬಂದ ಸೊಂಟನೋವಿಗೆ ಇಂತಹ ಚಿಕಿತ್ಸೆಯಿಂದ ಆರು ವಾರಗಳವರೆಗೆ ಸಾಧಾರಣ ಮಟ್ಟದ ಉಪಶಮನ ಕಂಡುಬಂದಿತ್ತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2016ರಲ್ಲಿ ಇದಕ್ಕೆ ಅವಕಾಶ ಕೊಟ್ಟಿದೆ, ಆದರೆ ವ್ಯಾಯಾಮದ ಜೊತೆಗೆ ಮಾತ್ರ. ನನಗೆ ಎರಡನೆಯ ಭೇಟಿಯಲ್ಲಿ ಅವರು ಹೇಳಿದ ಮಾತಿನ ತಿರುಳೂ ಇದೇ ಆಗಿತ್ತು: ‘ನಾನು ಒತ್ತಿದ್ರೆ ಎರಡು ದಿನ ಸಡಿಲ ಆಗುತ್ತೆ ಮೇಡಂ. ಆ ಎರಡು ದಿನದಲ್ಲಿ ನೀವು ನಡೆದಾಡಿ ವ್ಯಾಯಾಮ ಮಾಡಿದ್ರೆ ಉಪಯೋಗ, ಇಲ್ಲದಿದ್ರೆ ಮತ್ತೆ ನನ್ನ ಹತ್ರಾನೇ ಬರ್ತೀರಿ.’ ಹಣ ಪಡೆಯುವವರ ಬಾಯಿಂದ ಇದನ್ನು ಕೇಳಿದ್ದರಿಂದಲೇ ನನಗೆ ಅವರಲ್ಲಿ ನಂಬಿಕೆ ಹುಟ್ಟಿತು.

ಕುತ್ತಿಗೆಯ ವಿಷಯದಲ್ಲಿ ಆ ನಂಬಿಕೆ ಗಟ್ಟಿಯಾಯಿತು. ನಿಜ ಹೇಳಬೇಕೆಂದರೆ, ಸೊಂಟಕ್ಕಿಂತ ಕುತ್ತಿಗೆಯನ್ನು ಲಟಕ್ಕೆನಿಸಿಕೊಳ್ಳಬೇಕೆಂಬ ಆಸೆಯೇ ನನಗೆ ಹೆಚ್ಚಾಗಿತ್ತು. ಮೊಬೈಲಿನಲ್ಲಿ ಅಂತಹ ವಿಡಿಯೊಗಳನ್ನು ನೋಡಿ ನೋಡಿ, ಆ ಒಂದು ಸದ್ದಿನಿಂದ ವರ್ಷಗಳ ಬಿಗಿತ ಕಳಚಿ ಬೀಳುತ್ತದೆಂದು ನಂಬಿಬಿಟ್ಟಿದ್ದೆ. ಅವರು ಕುತ್ತಿಗೆಯನ್ನು ತಿರುಗಿಸಲು ಒಪ್ಪಲಿಲ್ಲ. ಬೆರಳುಗಳಲ್ಲಿ ಜೋಮು ಇರುವಾಗ ಕುತ್ತಿಗೆಗೆ ಹಠಾತ್ ಒತ್ತು ಕೊಡುವುದಿಲ್ಲವೆಂದರು, ಹಿಡಿತದ ಬಲ ಕಡಿಮೆಯಾದರೆ ಅಥವಾ ಜೋಮು ಹೆಚ್ಚಾದರೆ ತಡಮಾಡದೆ ನರರೋಗ ತಜ್ಞರನ್ನು ಕಾಣಿರೆಂದು ಚೀಟಿಯಲ್ಲಿ ಬರೆದುಕೊಟ್ಟರು. ಕುತ್ತಿಗೆಯಲ್ಲಿ ಏಳು ಮಣಿಗಳಿವೆ. ಅವುಗಳಲ್ಲಿ ಮೇಲಿನ ಆರರ ಪಕ್ಕದ ರಂಧ್ರಗಳ ಮೂಲಕ ಮಿದುಳಿಗೆ ರಕ್ತ ಒಯ್ಯುವ ಎರಡು ಅಪಧಮನಿಗಳು ಏರಿಹೋಗುತ್ತವೆ. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದ ಬಳಿಕ ಆ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಪರೂಪ, ನಿಜ, ಆದರೆ ಆದವರಿಗೆ ಅದು ಜೀವಮಾನದ ಹಾನಿ. ನಮ್ಮ ಕ್ಷೌರದಂಗಡಿಗಳಲ್ಲಿ ಕೂದಲು ಕತ್ತರಿಸಿದ ಮೇಲೆ ತಲೆಗೆ ಎಣ್ಣೆ ತಟ್ಟಿ, ಗದ್ದ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಲಟಲಟ ಎನಿಸುವ ಅಭ್ಯಾಸವಿದೆ. ನನ್ನ ತಮ್ಮನಿಗೆ ಅಂದು ಸಂಜೆಯೇ ಫೋನ್ ಮಾಡಿ, ಇನ್ನು ಮೇಲೆ ಅದನ್ನು ಮಾಡಿಸಿಕೊಳ್ಳಬೇಡವೆಂದು ಹೇಳಿದೆ.

ಕೂರುವ ಭಂಗಿಯ ಬಗ್ಗೆ ಅವರು ಹೇಳಿಕೊಟ್ಟದ್ದಕ್ಕೆ ನಾನು ಪ್ರತ್ಯೇಕವಾಗಿ ಹಣ ಕೊಡಲೂ ಸಿದ್ಧಳಿದ್ದೆ. ಹುಟ್ಟಿದಾಗ ನಮ್ಮ ಬೆನ್ನುಮೂಳೆಯಲ್ಲಿ 33 ಮಣಿಗಳಿರುತ್ತವೆ. ಕೆಳಗಿನವು ಬೆಸೆದುಕೊಂಡ ಮೇಲೆ ಬಿಡಿಬಿಡಿಯಾಗಿ ಚಲಿಸುವವು 24. ಅವುಗಳ ನಡುವಿನ ಡಿಸ್ಕುಗಳ ಹೊರಗಡೆ ಗಟ್ಟಿ ನಾರಿನ ಬಳೆ, ಒಳಗೆ ಎಳನೀರಿನ ಗಂಜಿಯಂತಹ ಮೆತ್ತನೆಯ ತಿರುಳು. ವಯಸ್ಕರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಅಕ್ಕಪಕ್ಕದ ಮೂಳೆಗಳಿಂದ ಪೋಷಕಾಂಶಗಳು ಅದರೊಳಗೆ ಜಿನುಗಬೇಕು. ಭಾರ ಬಿದ್ದಾಗ ನೀರು ಹೊರಗೆ, ಭಾರ ಇಳಿದಾಗ ಒಳಗೆ. ಬೆಳಿಗ್ಗೆ ಇದ್ದುದಕ್ಕಿಂತ ರಾತ್ರಿ ನಮ್ಮ ಎತ್ತರ ಒಂದು ಸೆಂಟಿಮೀಟರಿಗೂ ಹೆಚ್ಚು ಕಡಿಮೆಯಾಗಿರಬಲ್ಲದು ಎಂಬುದಕ್ಕೆ ಇದೇ ಕಾರಣ. ಆದ್ದರಿಂದ ಕೋಲು ನುಂಗಿದವರಂತೆ ಇಡೀ ದಿನ ನೆಟ್ಟಗೆ ಕೂತರೂ ಡಿಸ್ಕಿಗೆ ಸುಖವಿಲ್ಲ, ಗೂನಾಗಿ ಕೂತರೂ ಸುಖವಿಲ್ಲ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದೇ ತೊಂದರೆ. ಶಾಲೆಯಲ್ಲಿ ‘ನೆಟ್ಟಗೆ ಕೂತ್ಕೋ’ ಎಂದು ಬೆನ್ನಿಗೆ ಗುದ್ದಿಸಿಕೊಂಡು ಬೆಳೆದ ನಮಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಾಲ ಬೇಕು.

ನನ್ನ ಮೇಜಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ತರಲು ಹೇಳಿದರು. ಹಾಳೆ ಮೇಜಿನ ಮೇಲೆ ಅಂಗಾತ ಮಲಗಿರುವವರೆಗೆ ಕತ್ತು ಬಗ್ಗಿಸದೆ ಬೇರೆ ದಾರಿಯಿಲ್ಲವೆಂದರು. ತಲೆಯ ತೂಕ ಸುಮಾರು ಐದು ಕಿಲೋ. ಅದು ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಹಿಂದಿನ ಸ್ನಾಯುಗಳು ಅದನ್ನು ಜಗ್ಗಿ ಹಿಡಿದಿರಬೇಕು. ಇಳಿಜಾರು ಮೇಜು ಮಾಡಿಸಿಕೊಳ್ಳಿ ಎಂದಾಗ ನನಗೆ ಥಟ್ಟನೆ ನೆನಪಾದದ್ದು, ನಮ್ಮ ಅಜ್ಜ ಭಾರತ ಓದಲು ಬಳಸುತ್ತಿದ್ದ ಮರದ ವ್ಯಾಸಪೀಠ. ಅಟ್ಟದಿಂದ ಇಳಿಸಿ, ಒರೆಸಿ, ಅದರ ಮೇಲೆ ಒಂದು ತೆಳು ಹಲಗೆಯಿಟ್ಟು ಕರಡು ಹಾಳೆಗಳನ್ನು ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡೆ. ಕಣ್ಣಿಗೂ ಹಾಳೆಗೂ ನಡುವಿನ ಕೋನ ಬದಲಾದ ಮೇಲೆ ಸಂಜೆಯ ಹೊತ್ತಿಗೆ ಕಾಣಿಸುತ್ತಿದ್ದ ತಲೆಯ ಹಿಂಭಾಗದ ನೋವು ಎರಡು ವಾರಗಳಲ್ಲಿ ಬಹುಪಾಲು ಇಳಿಯಿತು. ಕಾಲಿನ ಕೆಳಗೆ ಎರಡು ಹಳೆಯ ಬೈಂಡ್ ಸಂಪುಟಗಳು, ಸೊಂಟದ ಹಿಂದೆ ಸುತ್ತಿದ ಟವೆಲ್, ಅರ್ಧ ಗಂಟೆಗೊಮ್ಮೆ ಏಳಲು ಮೊಬೈಲಿನ ಗಂಟೆ; ಇದಕ್ಕೆಲ್ಲ ಆದ ಖರ್ಚು ಒಂದು ಕ್ಲಿಪ್ಪಿನ ಬೆಲೆ.

ನೀರಿನ ಕ್ಯಾನಿನ ಕುರಿತು ಅವರು ತೋರಿಸಿದ ಲೆಕ್ಕವನ್ನು ಇಲ್ಲಿ ಬರೆಯಲೇಬೇಕು. 1999ರಲ್ಲಿ ಜರ್ಮನಿಯ ಸಂಶೋಧಕರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೆ ಒತ್ತಡ ಅಳೆಯುವ ಸಾಧನವಿಟ್ಟು ದಿನವಿಡೀ ನೋಡಿದ್ದರು. ಸುಮ್ಮನೆ ನಿಂತಾಗ 0.5 ಮೆಗಾಪಾಸ್ಕಲ್ ಇದ್ದ ಒತ್ತಡ, 20 ಕಿಲೋ ಭಾರವನ್ನು ಬೆನ್ನು ಬಾಗಿಸಿ ಎತ್ತಿದಾಗ 2.3ಕ್ಕೆ ಏರಿತು, ಮಂಡಿ ಮಡಿಸಿ ಎತ್ತಿದಾಗ 1.7 ಆಗಿತ್ತು, ಭಾರವನ್ನು ಮೈಗೆ ಒತ್ತಿ ಹಿಡಿದು ನಿಂತಾಗ 1.1 ಇತ್ತು. ಒಬ್ಬರ ಮೇಲಿನ ಅಳತೆಯಾದ್ದರಿಂದ ಅಂಕಿಗಳನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೆ 20 ಕಿಲೋ ಎಂದರೆ ನಮ್ಮ ಮನೆಯ ಕ್ಯಾನಿನ ತೂಕವೇ. ಈಗ ಕ್ಯಾನನ್ನು ಮೇಲೆ ಎತ್ತುವುದನ್ನೇ ಬಿಟ್ಟು, ನೆಲದ ಮೇಲಿಟ್ಟು ಪಂಪಿನಿಂದ ನೀರು ತೆಗೆಯುತ್ತಿದ್ದೇವೆ.

ವ್ಯಾಯಾಮಗಳು ಮೂರೇ: ಸೇತುಬಂಧದಂತೆ ಸೊಂಟ ಎತ್ತುವುದು, ಅಂಬೆಗಾಲಿನಲ್ಲಿ ನಿಂತು ಎದುರುಬದುರು ಕೈಕಾಲು ಚಾಚುವುದು, ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳುವುದು. ಇದರ ಮೇಲೆ ನಡಿಗೆ. ಒಮ್ಮೆ ಸೊಂಟನೋವು ಬಂದು ಗುಣವಾದವರನ್ನು ನಡಿಗೆಗೆ ಹಚ್ಚಿ ಆಸ್ಟ್ರೇಲಿಯಾದಲ್ಲಿ ನಡೆಸಿದ ಪ್ರಯೋಗವೊಂದು 2024ರಲ್ಲಿ ಪ್ರಕಟವಾಗಿದೆ. ನಡೆದವರಿಗೆ ನೋವು ಮರಳಲು ತೆಗೆದುಕೊಂಡ ಮಧ್ಯಕ ಅವಧಿ (ಅರ್ಧದಷ್ಟು ಜನರಿಗೆ ನೋವು ಮರಳುವ ಹೊತ್ತಿಗೆ ಕಳೆದ ಕಾಲ) 208 ದಿನ, ನಡೆಯದ ಗುಂಪಿನವರಿಗೆ 112 ದಿನ. ನಾನು ಈಗ ಊಟದ ಬಿಡುವಿನಲ್ಲಿ ಅರ್ಧ ಗಂಟೆ ನಡೆಯುತ್ತೇನೆ, ಭಾನುವಾರ ಲಾಲ್‌ಬಾಗಿನಲ್ಲಿ ಒಂದು ಸುತ್ತು.

ಆ ಚಿಕಿತ್ಸಾಲಯದ ಎಲ್ಲವನ್ನೂ ನಾನು ಮೆಚ್ಚಿದ್ದೇನೆಂದಲ್ಲ. ಕಾಯುವ ಕೋಣೆಯ ಗೋಡೆಯ ಮೇಲೆ, ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಅಜೀರ್ಣ, ಅಲರ್ಜಿ, ಮಕ್ಕಳು ಹಾಸಿಗೆ ಒದ್ದೆ ಮಾಡುವುದು ಮುಂತಾದವುಗಳಿಗೆ ಗೆರೆ ಎಳೆದು ಜೋಡಿಸಿರುವ ದೊಡ್ಡ ಚಿತ್ರಪಟವಿದೆ. ಅದು ಪಾಮರನ ಕಾಲದ ನಂಬಿಕೆಯ ಉಳಿಕೆ. ಒಳಗೆ ಅಷ್ಟು ಪ್ರಾಮಾಣಿಕವಾಗಿ ಮಾತನಾಡುವವರು ಹೊರಗೆ ಅದನ್ನು ತೂಗುಹಾಕಿರುವುದು ಸರಿಯಲ್ಲ, ಏಕೆಂದರೆ ಮಗುವನ್ನು ಮಕ್ಕಳ ವೈದ್ಯರ ಬಳಿ ಕರೆದೊಯ್ಯಬೇಕಾದ ತಾಯಿಯೊಬ್ಬಳು ಅದನ್ನು ಓದಿ ಇಲ್ಲಿಯೇ ಉಳಿದುಬಿಡಬಹುದು. ನಾಲ್ಕನೆಯ ಭೇಟಿಯಲ್ಲಿ ಇದನ್ನು ಅವರಿಗೇ ಹೇಳಿದೆ. ತೆಗೆಸುತ್ತೇನೆಂದರು, ಆರನೆಯ ಭೇಟಿಯವರೆಗೂ ಅದು ಅಲ್ಲಿಯೇ ಇತ್ತು. ಅದೇ ಕೋಣೆಯ ಸೋಫಾ ಎಷ್ಟು ಆಳವೆಂದರೆ ಸೊಂಟನೋವಿನವರು ಅದರಿಂದ ಏಳಲು ಇನ್ನೊಬ್ಬರ ಕೈ ಹಿಡಿಯಬೇಕು. ಕೊಟ್ಟ ಸಮಯಕ್ಕಿಂತ ಎರಡು ಬಾರಿ 40 ನಿಮಿಷ ತಡವಾಗಿ ಒಳಗೆ ಕರೆದರು.

ಅರ್ಹತೆಯ ವಿಚಾರವನ್ನೂ ಓದುಗರು ತಿಳಿದಿರಬೇಕು. ನಮ್ಮ ದೇಶದಲ್ಲಿ ವೈದ್ಯರಿಗೆ ಇರುವಂತಹ ಶಾಸನಬದ್ಧ ಪರಿಷತ್ತು ಕೈರೋಪ್ರಾಕ್ಟರುಗಳಿಗೆ ಇಲ್ಲ. ಫಿಸಿಯೊಥೆರಪಿಸ್ಟರು 2021ರ ರಾಷ್ಟ್ರೀಯ ಕಾಯ್ದೆಯೊಂದರ ವ್ಯಾಪ್ತಿಗೆ ಬಂದಿದ್ದಾರೆ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ಹೀಗಿರುವಾಗ, ಎಲ್ಲಿ ಎಷ್ಟು ವರ್ಷ ಓದಿದಿರಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ನಾನು ಕೇಳಿದೆ. ವಿದೇಶದಲ್ಲಿ ಪಡೆದ ಪದವಿಯ ಪತ್ರವನ್ನು ಅವರು ತೋರಿಸಿದರು, ತಾವು ಎಂಬಿಬಿಎಸ್ ವೈದ್ಯರಲ್ಲವೆಂದೂ ತಾವಾಗಿಯೇ ಹೇಳಿದರು. ವಾರಾಂತ್ಯದ ತರಬೇತಿ ಪಡೆದು ಬೆನ್ನುಮೂಳೆ ಒತ್ತಿ ‘ಅಡ್ಜಸ್ಟ್’ ಮಾಡುವವರೂ ಇದೇ ಹೆಸರಿನ ಫಲಕ ಹಾಕಿಕೊಳ್ಳಲು ಅಡ್ಡಿಯಿಲ್ಲದ ಸ್ಥಿತಿಯಲ್ಲಿ ಈ ಪ್ರಶ್ನೆಯನ್ನು ರೋಗಿಯೇ ಕೇಳಬೇಕಾಗುತ್ತದೆ.

ಐದನೆಯ ಭೇಟಿಗೆ 74 ವರ್ಷದ ನನ್ನ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅವರಿಗೂ ಬಹುಕಾಲದ ಬೆನ್ನುನೋವು, ಇತ್ತೀಚೆಗೆ ಸ್ವಲ್ಪ ಗೂನು. ಅವರ ವಯಸ್ಸು ಕೇಳಿ, ಎರಡು ವರ್ಷದ ಹಿಂದೆ ಜಾರಿ ಬಿದ್ದಾಗ ಮಣಿಕಟ್ಟು ಮುರಿದಿತ್ತೆಂಬುದನ್ನೂ ಕೇಳಿ, ‘ಅಮ್ಮ, ನಿಮ್ಮ ಬೆನ್ನನ್ನ ನಾನು ಒತ್ತೋದಿಲ್ಲ, ಮೊದಲು ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡಿಸೋಣ’ ಎಂದರು. ಮೂಳೆಯ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಮಾಡಿಸಲು ಮೂಳೆತಜ್ಞರಿಗೆ ಪತ್ರ ಬರೆದುಕೊಟ್ಟರು, ಅಮ್ಮನ ಭೇಟಿಗೆ ಹಣ ತೆಗೆದುಕೊಳ್ಳಲಿಲ್ಲ. ಪರೀಕ್ಷೆಯಲ್ಲಿ ಮೂಳೆ ಟೊಳ್ಳಾಗಿರುವುದು ತಿಳಿಯಿತು. ಈಗ ಮೂಳೆತಜ್ಞರ ಬಳಿ ಚಿಕಿತ್ಸೆ ನಡೆಯುತ್ತಿದೆ. 24 ಭೇಟಿಗಳ ಪ್ಯಾಕೇಜಿನ ಆ ಮೊದಲ ಜಾಗಕ್ಕೆ ಅಮ್ಮನನ್ನು ಕರೆದೊಯ್ದಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸಿದಾಗ ಇವತ್ತಿಗೂ ಕೈ ನಡುಗುತ್ತದೆ.

ಆರನೆಯ ಭೇಟಿಯಲ್ಲಿ ಅವರು ನನ್ನ ಸೊಂಟವನ್ನೂ ಒತ್ತಲಿಲ್ಲ. ವ್ಯಾಯಾಮಗಳನ್ನು ಮಾಡಿಸಿ ನೋಡಿ, ಒಂದನ್ನು ತಿದ್ದಿ, ಇನ್ನು ಬರುವ ಅಗತ್ಯವಿಲ್ಲವೆಂದರು. ತೊಡೆಗೆ ಇಳಿಯುತ್ತಿದ್ದ ನೋವು ಈಗಿಲ್ಲ. ಹೆಬ್ಬೆರಳಿನ ಜೋಮು ಕಡಿಮೆಯಾಗಿದೆ, ಹೋಗಿಲ್ಲ. ಅದಕ್ಕಾಗಿ ಮುಂದಿನ ತಿಂಗಳು ನರರೋಗ ತಜ್ಞರನ್ನು ಕಾಣಲು ಸಮಯ ಪಡೆದಿದ್ದೇನೆ. ಹೆಸರು ಹೇಳದಿದ್ದರೂ ಹುಡುಕಿಕೊಂಡು ಹೋಗುವವರಿಗೆ ಕೆಲವು ಮಾಹಿತಿ: ಭಾನುವಾರ ರಜೆ, ಬಾಗಿಲಿನಲ್ಲಿ ಮೂರು ಮೆಟ್ಟಿಲುಗಳಿವೆ, ಇಳಿಜಾರು ದಾರಿಯಿಲ್ಲ, ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟವಾದ್ದರಿಂದ ಜಯನಗರ ಮೆಟ್ರೊ ನಿಲ್ದಾಣದಲ್ಲಿ ಇಳಿದು ಆಟೊದಲ್ಲಿ ಹೋಗುವುದು ವಾಸಿ. ಕಾಯುವಾಗ ಸೋಫಾ ಬಿಟ್ಟು, ಬಾಗಿಲ ಪಕ್ಕದಲ್ಲಿರುವ ಎರಡು ಮರದ ಕುರ್ಚಿಗಳಲ್ಲಿ ಒಂದನ್ನು ಕೇಳಿ ಪಡೆಯಿರಿ.